ರುಮಾಲೆ ಚೆನ್ನಬಸವಯ್ಯನವರ ನಿಸರ್ಗಚಿತ್ರಗಳು

ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ದಾರಿಯಲ್ಲಿ ಪರಸ್ಥಳದ ಪ್ರವಾಸಿಕನೊಬ್ಬನನ್ನು ಕರೆದುಕೊಂಡು ಹೋದರೆ, ಅರ್ಧ ಹಾದಿ ಸಾಗುವದರೊಳಗಾಗಿ ಆತನು ಕೇಳುವ ಪ್ರಶ್ನೆಯು ಒಂದೇ: ಇಲ್ಲಿ ನೋಡತಕ್ಕದ್ದು ಏನಿದೆ? ಎಡಕ್ಕೂ ಬಲಕ್ಕೂ ಎರೆಯ ಹೊಲ. ಎಲ್ಲಿಯೋ ಒಂದು ಬೇವಿನ ಮರ, ಎಲ್ಲಿಯೋ ಒಂದು ಬಾರಿಯ ಮುಳ್ಳು. ಊರು ಸಮೀಪಿಸುವವರೆಗೆ ದಿನ್ನೆಯೊಂದು ಕಣ್ಣಿಗೆ ಬೀಳುವದಿಲ್ಲ. ನಾಡವರೂ ಆತನ ಮಾತನ್ನು ಅಲ್ಲಗಳೆಯುವದಿಲ್ಲ. ಸೃಷ್ಟಿಸೌಂದರ್ಯವನ್ನು ಕಾಣಬೇಕೆಂಬವರು ಕಲಘಟಗಿಯ ಆಚೆಗೆ, ಮಲೆನಾಡಿನ ಸೆರಗಿಗೆ ಹೋಗಬೇಕೆಂದು ಅವರೇ ದಾರಿ ತೋರಿಸುವರು. ಈ ಅಭಿಪ್ರಾಯವು ಇಂದಿನದೂ ಅಲ್ಲ. ಅಣ್ಣಿಗೇರಿಯು ಆದಿಕವಿ ಪಂಪನ ತಾಯಿಯ ಕಡೆಯ ಊರು. ಆದರೆ ಆ ಮಹಾಕವಿಯ ಮನಸ್ಸು ತನ್ನ ಕಾವ್ಯದಲ್ಲಿ ಹಂಬಲಿಸಿದ್ದು ಬನವಾಸಿಯ ಹಸುರಿಗೇ ಹೊರತು ಬೆಳವಲದ ಕಪ್ಪು ಮಣ್ಣಿಗಲ್ಲ.

ನೋಡತಕ್ಕದ್ದು ನೆಲದಲ್ಲಿರುವದೋ, ನೋಡುವವನ ಕಣ್ಣಿನಲ್ಲಿರುವದೋ ಎಂಬ ವಿಚಾರವು ಇಲ್ಲಿಂದಲೇ ಹುಟ್ಟುವದು. ಇದನ್ನು ಬರಿಯ ತರ್ಕದಿಂದ ಬಗೆಹರಿಸಲಿಕ್ಕೆ ಬಾರದು. ಒಂದು ನೆಲವನ್ನು ಹಿಡಿದು ಬಾಳಿದ ಚಿತ್ರಕಾರರ ಜೀವನದಿಂದಲೂ ಕೃತಿಗಳಿಂದಲೂ ಬಗೆಹರಿಸಬೇಕು. ಅಂಥ ಚಿತ್ರಕಾರರು ಕನ್ನಡನಾಡಿನಲ್ಲಿ ಬಹು ವಿರಳ. ಅವರಲ್ಲಿ ಬೆಂಗಳೂರಿನ ರುಮಾಲೆ ಚೆನ್ನಬಸವಯ್ಯನವರು ಮುಖ್ಯರಾದವರು. ಅವರ ಕೃತಿಗಳ ಗುಣದೋಷಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಾಲೆಂಡ್ ದೇಶದ ಕಡೆಗೊಮ್ಮೆ ದೃಷ್ಟಿಯನ್ನು ಹರಿಸುವದು ಉಚಿತ. ನಿಸರ್ಗಚಿತ್ರಕ್ಕೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಲ್ಯಾಂಡ್‌ಸ್ಕೇಪ್’ ಎಂಬ ಶಬ್ದವೇ ಡಚ್ಚರ ಭಾಷೆಯಿಂದ ಬಂದುದು. ಆ ದೇಶದಲ್ಲಿ ಪರ್ವತಗಳಿಲ್ಲ. ನೆಲದ ಒಂದು ಭಾಗವಂತೂ ಕಡಲ ಮಟ್ಟಕ್ಕಿಂತಲೂ ಕೆಳಗಿರುವದು. ಇಂಥ ಸಪಾಟು ನೆಲವನ್ನೇ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರು ತಮ್ಮ ಕಲೆಯ ವಿಷಯವನ್ನಾಗಿ ಮಾಡಿಕೊಂಡರು. ಯಾನ್ ಫಾನ್ ಖೋಯೆನ್ (೧೫೯೬–೧೬೫೬) ಎಂಬವನು ಕಂದು, ಬೂದಿ ಬಣ್ಣಗಳ ಕೆಲವೇ ಛಾಯೆಗಳಿಂದ ಹೊಳೆ, ದಿಬ್ಬ, ದೋಣಿಗಳನ್ನು ಚಿತ್ರಿಸಿದನು. ಯಾಕೊಬ್ ಫಾನ್ ರೂಯಿಸ್ಡಾಲನು ತನ್ನ ಊರಾದ ಹಾರ್ಲೆಮ್ಮಿನ ನೋಟವನ್ನು ಮತ್ತೆ ಮತ್ತೆ ಬರೆದನು. ಆ ಚಿತ್ರಗಳಲ್ಲಿ ನೆಲವು ಕೆಳಗಿನ ಮೂರರಲ್ಲೊಂದು ಪಾಲು ಮಾತ್ರ. ಮಿಕ್ಕುದೆಲ್ಲ ಮೋಡ ತುಂಬಿದ ಆಕಾಶ. ಬಯಲಿನಲ್ಲಿ ಅಗಸರು ಬಿಳುಪಾಗಲೆಂದು ಹಾಸಿದ ಬಟ್ಟೆಗಳ ಮೇಲೆ ಮೋಡದ ಸಂದಿಯಿಂದ ಬಿಸಿಲು ಬಿದ್ದಿರುವದು. ನೆಲವು ಕೊಡದೆ ಇದ್ದುದನ್ನು ಅವನು ಆಕಾಶದಲ್ಲಿ ಕಂಡನು.

ಮೇಂಡರ್ಟ್ ಹೊಬ್ಬೆಮಾ (೧೬೩೮–೧೭೦೯) ಎಂಬವನ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ಆತನು ೧೬೬೮ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮದ್ಯದ ಪೀಪಾಯಿಗಳ ಅಳತೆಯನ್ನು ನೋಡುವ ನಗರದ ನೌಕರಿಗೆ ಸೇರಿದನು. ಆಮೇಲೆ ಕುಂಚವನ್ನು ಹಿಡಿದದ್ದು ಅಪರೂಪ. ಆದರೂ ಇಪ್ಪತ್ತು ವರ್ಷಗಳು ಕಳೆದ ಮೇಲೆ, ೧೬೮೯ರಲ್ಲಿ, ಒಂದು ಹಳ್ಳಿಯ ಹಾದಿಯನ್ನೂ ಅದರ ಇಕ್ಕೆಲಗಳಲ್ಲಿ ನಿಂತ ಬಡಕಲು ಮರಗಳನ್ನೂ ಚಿತ್ರಿಸಿದನು. ಮಿಡ್ಡೆಲ್ಹಾರ್ನಿಸ್ ಗ್ರಾಮದ ಆ ಸಾಲುಮರಗಳ ಚಿತ್ರವೇ ಆತನ ಹೆಸರನ್ನು ಇಂದಿನವರೆಗೆ ಉಳಿಸಿರುವದು. ಕಲೆಯನ್ನು ಬಿಟ್ಟು ಬಹುಕಾಲ ಬೇರೆ ಉದ್ಯೋಗದಲ್ಲಿ ನಿರತನಾಗಿದ್ದವನು ಹಿಂದಿರುಗಿ ಬಂದು ರಸ್ತೆಯ ಮರಗಳನ್ನು ಬರೆದನೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ರುಮಾಲೆಯವರ ಜೀವನವೂ ಹೆಚ್ಚುಕಡಿಮೆ ಇದೇ ಬಗೆಯದು.

ಕನ್ನಡನಾಡಿನಲ್ಲಿ ಚಿತ್ರಕಲೆಗೆ ಹಿಂದಿನಿಂದ ಬಂದ ವಿಷಯಗಳು ದೇವತೆಗಳು, ರಾಜರು ಮತ್ತು ಪುರಾಣಕಥೆಗಳು. ಮರ, ಬೆಟ್ಟ, ಕೊಳಗಳು ಅವರ ಹಿಂದೆ ನಿಲ್ಲುವ ಪರಿವಾರವಾಗಿ ಬಂದವೇ ಹೊರತು ತಾವೇ ನಾಯಕರಾಗಿ ಬರಲಿಲ್ಲ. ಆ ಪರಿವಾರವನ್ನು ಮುಂದಕ್ಕೆ ತಂದು ಗೌರವಿಸಿದವರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರು (೧೮೮೬–೧೯೬೫) ಅಗ್ರಗಣ್ಯರು. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಮೊದಲು ರಾಮಾಯಣದ ಚಿತ್ರಗಳಿಂದ ಹೆಸರಾದವರು ಅವರು. ಮುಂದೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಉದಕಮಂಡಲ, ಕೊಡೈಕಾನಲ್‌ಗಳ ಬೆಟ್ಟಗಳನ್ನು ಕುರಿತ ಅವರ ಜಲವರ್ಣಚಿತ್ರಗಳಲ್ಲಿ ಮಂಜು, ಮೋಡ, ಬೆಳದಿಂಗಳುಗಳು ಅತ್ಯಂತ ಸೂಕ್ಷ್ಮವಾಗಿ ಒಡಮೂಡಿವೆ. ಒಂದೊಂದು ಎಲೆಯನ್ನೂ ಸ್ವರಸ್ಥಾನದಂತೆ ತಪ್ಪದೆ ಇಟ್ಟ ಸಂಯಮವು ಅವುಗಳಲ್ಲಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ವೆಂಕಟಪ್ಪನವರು ಸೌಂದರ್ಯವನ್ನರಸಿ ಬೆಟ್ಟವನ್ನೇರಿದರು. ಎಲ್ಲರೂ ಸುಂದರವೆಂದು ಮೊದಲೇ ಒಪ್ಪಿಕೊಂಡ ತಾಣಗಳಲ್ಲಿಯೇ ಅವರ ಶ್ರೇಷ್ಠವಾದ ನಿಸರ್ಗಚಿತ್ರಗಳು ಹುಟ್ಟಿದವು. ಮನೆಯ ಮುಂದಿನ ರಸ್ತೆಯನ್ನು ನೋಡತಕ್ಕುದೆಂದು ತೋರಿಸುವ ಕೆಲಸವು ಇನ್ನೊಬ್ಬರಿಗಾಗಿ ಉಳಿದಿತ್ತು.

ರುಮಾಲೆ ಚೆನ್ನಬಸವಯ್ಯನವರು ೧೯೧೦ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ೧೯೧೯ರಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿಯೂ ಮುಂದೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿಯೂ ಚಿತ್ರಕಲೆಯ ಅಭ್ಯಾಸ ಮಾಡಿದರು. ಕೈ ಹದಗೊಳ್ಳುತ್ತಿದ್ದ ಆ ಹೊತ್ತಿನಲ್ಲಿಯೇ ಗಾಂಧೀಜಿಯವರ ಕರೆಯು ದೇಶದ ತರುಣರನ್ನು ಸೆಳೆಯುತ್ತಲಿತ್ತು. ರುಮಾಲೆಯವರು ಕುಂಚವನ್ನು ಕೆಳಗಿಟ್ಟು ರಾಷ್ಟ್ರೀಯ ಚಳವಳಿಗೆ ಧುಮುಕಿದರು. ಸೆರೆಮನೆಯ ವಾಸವನ್ನೂ ಅನುಭವಿಸಿದರು. ಅವರು ದುಡಿದ ಸೇವಾದಳವು ಧಾರವಾಡ ಜಿಲ್ಲೆಯವರಿಗೆ ಅಪರಿಚಿತವಾದುದಲ್ಲ. ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಕಟ್ಟಿದ ಆ ಸಂಸ್ಥೆಗೆ ಹುಬ್ಬಳ್ಳಿಯೇ ಕೇಂದ್ರವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅವರು ವಿಧಾನ ಪರಿಷತ್ತಿನ ಸದಸ್ಯರಾದರು. ‘ತಾಯಿನಾಡು’ ಪತ್ರಿಕೆಯ ಹೊಣೆಯನ್ನೂ ಹೊತ್ತರು. ಹೀಗೆ ಒಬ್ಬ ಚಿತ್ರಕಾರನ ಬಾಳಿನಲ್ಲಿ ಕೈಯೂ ಕಣ್ಣೂ ಅತ್ಯಂತ ಚುರುಕಾಗಿರುವ ವರ್ಷಗಳು ದೇಶದ ಕೆಲಸದಲ್ಲಿಯೇ ಕಳೆದುಹೋದವು.

೧೯೬೨ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಅವರು ಸಾರ್ವಜನಿಕ ಜೀವನದಿಂದ ಹಿಂದೆ ಸರಿದು ಮತ್ತೆ ಕುಂಚವನ್ನು ಹಿಡಿದರು. ಆ ವಯಸ್ಸಿನಲ್ಲಿ ಅನೇಕರು ಆರಂಭಿಸಿದ ಕೆಲಸವನ್ನು ಮುಗಿಸುವ ಆಲೋಚನೆಯಲ್ಲಿರುವರು; ಇವರು ಬಿಟ್ಟ ಕೆಲಸವನ್ನು ಆರಂಭಿಸಿದರು. ಅಂದಿನಿಂದ ೧೯೮೮ರಲ್ಲಿ ತೀರಿಕೊಳ್ಳುವವರೆಗಿನ ಕಾಲು ಶತಮಾನವೆಲ್ಲ ಚಿತ್ರಕಲೆಗೇ ಮೀಸಲಾಯಿತು. ದೂರದ ತಾಣಗಳನ್ನು ಅವರು ಚಿತ್ರಿಸಲಿಲ್ಲವೆಂದಲ್ಲ. ಆದರೆ ಅವರ ಹೆಸರು ನಿಂತದ್ದು ಬೆಂಗಳೂರಿನ ಮರಗಳ ಮೇಲೆ. ಕಬ್ಬನ್ ಪಾರ್ಕು, ಲಾಲ್‌ಬಾಗು, ಊರಿನ ಸಾಲುಮರಗಳ ರಸ್ತೆಗಳು ಇವುಗಳ ಮೇಲೆ. ಮನೆಯಲ್ಲಿ ಕುಳಿತು ನೆನಪಿನಿಂದ ಬರೆಯದೆ ಸ್ಥಳಕ್ಕೇ ಹೋಗಿ, ಮರದ ಎದುರಿನಲ್ಲಿ ನಿಂತು, ಬಿಸಿಲು ಇದ್ದಂತೆ ಬರೆಯುವದು ಅವರ ಪದ್ಧತಿ.

ಅವರ ತೈಲಚಿತ್ರದ ಎದುರಿನಲ್ಲಿ ನಿಂತವನಿಗೆ ಮೊದಲು ಕಾಣುವದು ಮರವಲ್ಲ, ಬಣ್ಣ. ಹತ್ತಿರದಿಂದ ನೋಡಿದರೆ ದಪ್ಪನಾದ ಚಿಕ್ಕ ಚಿಕ್ಕ ಹಚ್ಚುಗಳು. ಒಂದರ ಪಕ್ಕದಲ್ಲಿ ಇನ್ನೊಂದು, ಅರಿಸಿನದ ಪಕ್ಕದಲ್ಲಿ ಎಲೆಹಸುರು, ಅದರ ಪಕ್ಕದಲ್ಲಿ ಕುಂಕುಮ. ಹತ್ತು ಹೆಜ್ಜೆ ಹಿಂದೆ ಸರಿದಾಗ ಆ ಹಚ್ಚುಗಳು ಕೂಡಿಕೊಂಡು ಗುಲ್‌ಮೊಹರ್ ಮರವಾಗುವವು. ಅದರ ಕೆಳಗಿನ ರಸ್ತೆ, ರಸ್ತೆಯ ಮೇಲೆ ಉದುರಿದ ಹೂವು, ಹೂವಿನ ಮೇಲೆ ಬಿದ್ದ ನೆರಳು ಎಲ್ಲವೂ ತೋರುವವು. ನೆರಳಿಗೆ ಅವರು ಕಪ್ಪನ್ನು ಬಳಿಯುವದಕ್ಕಿಂತ ನೀಲಿ, ನೇರಳೆಗಳನ್ನು ಬಳಸುವದೇ ಹೆಚ್ಚು. ಆದುದರಿಂದಲೇ ಅವರ ನೆರಳಿನಲ್ಲಿಯೂ ಬೆಳಕಿನ ಅಂಶವಿರುವದು. ಇದನ್ನು ನೋಡಿದವರಿಗೆ ಡಚ್ಚರವನೇ ಆದ ಫಾನ್ ಗೋ (೧೮೫೩–೧೮೯೦) ನೆನಪಾಗುವದು ಸಹಜ. ಆದರೆ ಹೋಲಿಕೆಯು ಕೈಚಳಕದ ಮಟ್ಟಿಗೆ ಮಾತ್ರ ಸಲ್ಲುವದು. ಫಾನ್ ಗೋನ ಮರಗಳು ಚಿತ್ರಕಾರನ ಮನಸ್ಸಿನ ತಳಮಳವನ್ನು ಹೊತ್ತು ಹೊರಳುವವು. ರುಮಾಲೆಯವರ ಮರಗಳು ನಿಂತಲ್ಲಿ ನಿಂತು ಅರಳುವವು. ಅವರ ಬಣ್ಣದಲ್ಲಿರುವದು ನೋವಲ್ಲ, ಕೃತಜ್ಞತೆ.

ಅವರ ಚಿತ್ರಗಳ ಮೇಲೆ ಹೊರಿಸಬಹುದಾದ ಆಕ್ಷೇಪಣೆಗಳನ್ನು ಮುಚ್ಚಿಡುವದು ಸರಿಯಲ್ಲ. ಮೊದಲನೆಯದು, ಈ ಚಿತ್ರಲೋಕದಲ್ಲಿ ನಿತ್ಯವೂ ವಸಂತ. ಮರಗಳೆಲ್ಲ ಹೂ ತುಂಬಿ ನಿಂತಿರುವವು; ಎಲೆಯುದುರಿದ ಕೊಂಬೆ, ಬರದ ವರ್ಷದ ಬಿಸಿಲು, ಧೂಳು ಹಿಡಿದ ಮಧ್ಯಾಹ್ನಗಳು ಅಪರೂಪ. ಹಬ್ಬದ ಅಡಿಗೆಯನ್ನೇ ದಿನಾಲು ಬಡಿಸಿದರೆ ನಾಲಿಗೆಯು ಬೇಸರಗೊಳ್ಳುವಂತೆ, ಒಂದೇ ಕೋಣೆಯಲ್ಲಿ ಅವರ ಹತ್ತು ಚಿತ್ರಗಳನ್ನು ಒಟ್ಟಿಗೆ ನೋಡಿದ ಕಣ್ಣು ದಣಿಯುವದುಂಟು. ಎರಡನೆಯದು, ಇಲ್ಲಿ ಮನುಷ್ಯನಿಗೆ ಸ್ಥಾನವು ಬಹಳ ಕಡಿಮೆ. ಬಡವರ ಸೇವೆಯಲ್ಲಿ ತಾರುಣ್ಯವನ್ನು ಸವೆಸಿದವರ ಚಿತ್ರಗಳಲ್ಲಿ ಬಡವನು ಎಲ್ಲಿ ಎಂದು ಕೇಳಿದರೆ ಅದು ಅಸಂಗತವಾದ ಪ್ರಶ್ನೆಯಾಗಲಾರದು. ರಸ್ತೆಯನ್ನು ಗುಡಿಸುವವಳೂ ಮರದ ನೆರಳಿನಲ್ಲಿ ಹಣ್ಣು ಮಾರುವವನೂ ಆ ಬೆಂಗಳೂರಿನವರೇ. ಮೂರನೆಯದು, ಅವರು ಹೆಚ್ಚಾಗಿ ಬರೆದ ಮರಗಳು ಈ ನಾಡಿನವೇ ಅಲ್ಲವೆಂಬದು. ಗುಲ್‌ಮೊಹರ್ ಮಡಗಾಸ್ಕರದಿಂದ ಬಂದುದು. ಜಕರಂದಾ, ಟಬೂಬಿಯಾಗಳು ದಕ್ಷಿಣ ಅಮೇರಿಕೆಯವು. ೧೯೦೮ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗೆಲ್ಲರು ಒಂದು ಜಾತಿಯ ಮರ ಹೂ ಚೆಲ್ಲುವ ಹೊತ್ತಿಗೆ ಇನ್ನೊಂದು ಅರಳುವಂತೆ ಯೋಚಿಸಿ ಊರಿನ ರಸ್ತೆಗಳಲ್ಲಿ ಮರಗಳನ್ನು ನೆಡಿಸಿದರು. ಹಾಗಾದರೆ ರುಮಾಲೆಯವರು ಚಿತ್ರಿಸಿದ್ದು ನಿಸರ್ಗವನ್ನೋ, ಒಬ್ಬ ತೋಟಗಾರನ ಯೋಜನೆಯನ್ನೋ?

ಮೂರನೆಯ ಆಕ್ಷೇಪಣೆಗೆ ಉತ್ತರವು ಕಠಿಣವಲ್ಲ. ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದುದು. ಇಂದು ಅದಿಲ್ಲದೆ ಕುಂದಗೋಳದ ಹೊಲವೂ ಇಲ್ಲ, ಅಡಿಗೆಯೂ ಇಲ್ಲ. ಎರಡು ತಲೆಮಾರಿನ ಜನರು ಯಾವ ಮರದ ಕೆಳಗೆ ನಡೆದಾಡಿದರೋ ಅದು ಆ ಜನರ ಮರವೇ ಸರಿ. ಮನುಷ್ಯರಿಲ್ಲವೆಂಬ ಆಕ್ಷೇಪಣೆಯು ನಿಜವಾದ ಕೊರತೆಯನ್ನೇ ತೋರಿಸುವದು. ಅದನ್ನು ಒಪ್ಪಿಕೊಳ್ಳುವದೇ ಒಳ್ಳೆಯದು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಅವರು ಆರಿಸಿಕೊಂಡದ್ದು ಅರಮನೆಯ ತೋಟವನ್ನಲ್ಲ, ಶ್ರೀಮಂತರ ಬಂಗಲೆಗಳ ಅಂಗಳವನ್ನಲ್ಲ. ಯಾರು ಬೇಕಾದರೂ ಕಾಸು ಕೊಡದೆ ಹೋಗಿ ಕೂಡಬಹುದಾದ ಉದ್ಯಾನವನ್ನು, ಎಲ್ಲರೂ ನಡೆಯುವ ರಸ್ತೆಯನ್ನು. ಚಿತ್ರದಲ್ಲಿ ಬಡವನು ಕಾಣದಿದ್ದರೂ ಬಡವನಿಗೆ ಹಕ್ಕಿಲ್ಲದ ಸೊಬಗನ್ನು ಅವರು ಮುಖ್ಯವಾಗಿ ಬಯಸಲಿಲ್ಲ.

ನಿತ್ಯವಸಂತದ ಆಕ್ಷೇಪಣೆಯನ್ನು ಮಾತ್ರ ಸ್ವಲ್ಪ ವಿಸ್ತರಿಸಿ ನೋಡಬೇಕು. ಕುಂದಗೋಳದ ಸವಾಯಿ ಗಂಧರ್ವರ (೧೮೮೬–೧೯೫೨) ಸಂಗೀತಪರಂಪರೆಯನ್ನು ಬಲ್ಲ ಈ ಜಿಲ್ಲೆಯ ರಸಿಕರಿಗೆ ಪುನರಾವೃತ್ತಿಯ ಬೆಲೆ ಏನೆಂಬದನ್ನು ಹೇಳಬೇಕಾದುದಿಲ್ಲ. ಒಂದೇ ರಾಗವನ್ನು ಗಾಯಕನು ಜೀವಮಾನವೆಲ್ಲ ಹಾಡುವನು. ನಿನ್ನೆ ಕಾಣದ ಒಂದು ಎಡೆಯು ಇಂದು ಆತನಿಗೆ ಕಂಡರೆ ಕೇಳುವವರು ತಲೆದೂಗುವರು. ಹೊಸ ರಾಗವನ್ನೇಕೆ ಹಾಡಲಿಲ್ಲವೆಂದು ಯಾರೂ ಕೇಳುವದಿಲ್ಲ. ರುಮಾಲೆಯವರ ಮರಗಳನ್ನು ಈ ರೀತಿಯಿಂದ ನೋಡಬೇಕು. ಅವರ ಚಿತ್ರಗಳಲ್ಲಿ ಉತ್ತಮವಾದವುಗಳು ಹೂವಿನ ಅಬ್ಬರವು ಹೆಚ್ಚಾಗಿದ್ದವುಗಳಲ್ಲ. ಹೂವಿನ ಬಣ್ಣವನ್ನು ಕೆಳಗಿನ ನೆಲವೂ ನೆರಳೂ ಹಿಡಿದು ನಿಲ್ಲಿಸಿದಂಥವುಗಳು. ಅಲ್ಲಿ ಷಡ್ಜದ ಶ್ರುತಿಯಂತೆ ನೆಲವು ಕೆಳಗೆ ನಿಂತಿರುವದು, ಬಣ್ಣವು ಅದರ ಮೇಲೆ ಆಡುವದು. ಆ ಶ್ರುತಿಯು ತಪ್ಪಿದ ಚಿತ್ರಗಳು ಬರಿಯ ಬಣ್ಣದ ಜಾತ್ರೆಯಾಗಿರುವವು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಹೊಗಳುವದು ಅವರಿಗೂ ಗೌರವವಲ್ಲ.

ಈಗ ಇನ್ನೊಂದು ಪ್ರಶ್ನೆಯು ಮುಂದೆ ಬರುವದು. ಅವರು ಬರೆದ ಬೆಂಗಳೂರು ಇಂದು ಬಹುಮಟ್ಟಿಗೆ ಇಲ್ಲ. ರಸ್ತೆಗಳನ್ನು ಅಗಲಮಾಡುವಾಗಲೂ ಮೆಟ್ರೋ ರೈಲಿನ ಹಾದಿಯನ್ನು ಕಟ್ಟುವಾಗಲೂ ಅನೇಕ ಸಾಲುಮರಗಳು ಉರುಳಿದವು. ೨೦೧೧ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲನೆಯ ಮೆಟ್ರೋ ಗಾಡಿಯು ಓಡುವ ಹೊತ್ತಿಗೆ ಆ ರಸ್ತೆಯ ಪಕ್ಕದ ನೆರಳು ಹೋಗಿತ್ತು. ಆದುದರಿಂದ ರುಮಾಲೆಯವರ ಚಿತ್ರಗಳನ್ನು ಹೋದ ಊರಿನ ದಾಖಲೆಯೆಂದು ಕೊಂಡಾಡುವವರು ಹೆಚ್ಚಾಗಿದ್ದಾರೆ. ಇದು ಪ್ರೀತಿಯ ಮಾತೇ. ಆದರೆ ವಿಮರ್ಶೆಯ ಮಾತಲ್ಲ. ದಾಖಲೆಗಾದರೆ ಛಾಯಾಚಿತ್ರವು ಸಾಕಾಗಿತ್ತು. ಮರವೊಂದು ಹೋಯಿತೆಂದು ಮರುಗಬೇಕಾದರೆ ಅದು ಇದ್ದಾಗ ಅದನ್ನು ಕಂಡಿರಬೇಕು. ನಿತ್ಯ ಅದರ ಕೆಳಗೆ ಓಡಾಡಿದ ಸಾವಿರಾರು ಜನರಲ್ಲಿ ಕಂಡವರು ಎಷ್ಟು ಜನ? ಚಿತ್ರಕಾರನು ಮಾಡಿದ್ದು ಇದೇ: ಇದ್ದುದನ್ನು ಇರುವಾಗಲೇ ಕಾಣುವಂತೆ ಮಾಡಿದನು. ಮರಗಳೆಲ್ಲವೂ ಇಂದಿಗೂ ಇದ್ದಿದ್ದರೂ ಆ ಚಿತ್ರಗಳ ಬೆಲೆಯು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ಅವರ ಕಲೆಗೆ ವಿಷಯದ ನಾಶದಿಂದ ಬೆಲೆಯನ್ನು ಕಟ್ಟುವದು ಕಲೆಗೂ ಅನ್ಯಾಯ, ಮರಕ್ಕೂ ಅನ್ಯಾಯ.

ಸೇವಾದಳದ ಕಾರ್ಯಕರ್ತನು ಚಿತ್ರಕಾರನಾದನೆಂದು ಹೇಳುವಾಗ ಒಂದು ಜೀವನವು ಮುಗಿದು ಇನ್ನೊಂದು ಆರಂಭವಾಯಿತೆಂಬ ಭಾವನೆಯುಂಟಾಗುವದು. ಅವರ ಕೃತಿಗಳನ್ನು ನೋಡಿದರೆ ಹಾಗೆನಿಸುವದಿಲ್ಲ. ಒಂದೇ ಸ್ಥಳಕ್ಕೆ ತಿರುತಿರುಗಿ ಹೋಗುವದು, ಬಿಸಿಲಿನಲ್ಲಿ ನಿಲ್ಲುವದು, ಫಲವನ್ನು ಎಣಿಸದೆ ಕೆಲಸವನ್ನು ಮಾಡುವದು. ಇದು ಮೊದಲಿನ ವ್ರತವೇ. ದೇಶವನ್ನು ಪ್ರೀತಿಸಬೇಕೆಂದು ಸಭೆಗಳಲ್ಲಿ ಹೇಳಿದವರು ಅನೇಕರು. ದೇಶವೆಂಬದು ಕಣ್ಣಿಗೆ ಹೇಗೆ ಕಾಣುವದೆಂದು, ಇಂಥ ರಸ್ತೆಯಲ್ಲಿ ಇಂಥ ಮರವಾಗಿ ಇಂಥ ಹೊತ್ತಿನಲ್ಲಿ ಕಾಣುವದೆಂದು, ಕಾಲು ಶತಮಾನ ಕಾಲ ತೋರಿಸಿದವರು ವಿರಳ.

ಇನ್ನು ಮೊದಲಿನ ಪ್ರವಾಸಿಕನ ಪ್ರಶ್ನೆಗೆ ಹಿಂದಿರುಗಬಹುದು. ನವಲಗುಂದದ ಬಯಲಿನಲ್ಲಿ ನೋಡತಕ್ಕದ್ದು ಏನಿದೆ? ಗುಲ್‌ಮೊಹರಿನ ಸಾಲುಗಳನ್ನು ಅಲ್ಲಿ ಹುಡುಕುವವನು ರುಮಾಲೆಯವರನ್ನು ತಪ್ಪಾಗಿ ತಿಳಿದವನು. ಅವರಿಂದ ಕಲಿಯಬೇಕಾದುದು ಅವರ ಬಣ್ಣವನ್ನಲ್ಲ, ಅವರ ನಿಲುವನ್ನು. ಮುಂಗಾರಿನ ಮೊದಲ ಮಳೆಯಲ್ಲಿ ತೊಯ್ದ ಎರೆಯು ಒಂದು ಕಪ್ಪು. ಹರಗಿದ ಮರುದಿನ ಒಣಗಿದ ಎರೆಯು ಇನ್ನೊಂದು. ಚೈತ್ರದಲ್ಲಿ ಕಾಲಿಡುವಷ್ಟು ಅಗಲವಾಗಿ ಬಿರುಕುಬಿಟ್ಟ ಎರೆಯು ಮತ್ತೊಂದು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋದಾಗ ಜೋಳವು ಎದೆಯುದ್ದ ನಿಂತಿರುವದು; ಬದುವಿನ ಆಚೆಗೆ ಕುಸುಬಿಯ ಹಳದಿಯು ಕೇಸರಿಗೆ ತಿರುಗುವ ಕಾಲವು ಸಮೀಪಿಸಿರುವದು. ಮುಂದೆ ಹತ್ತಿಯು ಒಡೆದಾಗ ಅದೇ ಬಯಲು ಬೆಳ್ಳಗಾಗುವದು. ಬೆಣ್ಣೆಹಳ್ಳಕ್ಕೆ ನೆರೆ ಬಂದಾಗ ದಾರಿಯು ಯಾವುದು, ಹಳ್ಳವು ಯಾವುದು ತಿಳಿಯದು. ಇದೆಲ್ಲದರ ಮೇಲೆ ಯಾವ ಬೆಟ್ಟವೂ ಮರೆಮಾಡದ ಆಕಾಶ. ರೂಯಿಸ್ಡಾಲನು ಹಾರ್ಲೆಮ್ಮಿನಲ್ಲಿ ಕಂಡದ್ದಕ್ಕಿಂತ ಇದು ಕಿರಿದಾದುದಲ್ಲ. ಫಾನ್ ಖೋಯೆನನು ಕಂದು ಬಣ್ಣದೊಂದರಿಂದಲೇ ನಾಡನ್ನು ಕಟ್ಟಿದಂತೆ ಕಪ್ಪು ಬಣ್ಣದೊಂದರಿಂದಲೇ ಇಲ್ಲಿ ಒಂದು ಲೋಕವನ್ನು ಕಟ್ಟಬಹುದು.

ಇಲ್ಲಿಯ ಜನರಿಗೆ ಬಣ್ಣದ ಕಣ್ಣು ಇಲ್ಲವೆಂದು ಯಾರೂ ಹೇಳಲಾರರು. ನವಲಗುಂದದ ಹೆಣ್ಣುಮಕ್ಕಳು ಮನೆಯ ಮಗ್ಗದ ಮೇಲೆ ನೆಯ್ಯುವ ಜಮಖಾನೆಗಳಲ್ಲಿ ನವಿಲೂ ಪಗಡೆಯ ಹಾಸೂ ಎಷ್ಟು ಧೈರ್ಯವಾದ ಬಣ್ಣಗಳಲ್ಲಿ ಮೂಡುವವು! ಕಲಘಟಗಿಯ ತೊಟ್ಟಿಲುಗಳ ಮೇಲೆ ಅರಗಿನ ಬಣ್ಣದಲ್ಲಿ ಪುರಾಣಕಥೆಗಳನ್ನು ಬರೆಯುವ ಚಿತ್ರಗಾರರ ಕೈ ಎಷ್ಟು ಪಳಗಿದುದು! ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಹುಬ್ಬಳ್ಳಿಯಲ್ಲಿ ಎಂ. ವಿ. ಮಿಣಜಗಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಶಾಲೆಗಳನ್ನು ಕಟ್ಟಿ ಈ ಭಾಗದ ತರುಣರಿಗೆ ಚಿತ್ರವಿದ್ಯೆಯನ್ನು ಧಾರೆಯೆರೆದಿದ್ದಾರೆ. ಕೈಯೂ ಇದೆ, ಕಲಿಕೆಯೂ ಇದೆ. ಆ ಕೈಯು ಎರೆಯ ಹೊಲದ ಬದುವಿನ ಮೇಲೆ ಒಂದು ವರ್ಷವಲ್ಲ, ಇಪ್ಪತ್ತು ವರ್ಷ ನಿಲ್ಲಬೇಕು.

ರುಮಾಲೆ ಚೆನ್ನಬಸವಯ್ಯನವರು ಮಹಾಚಿತ್ರಕಾರರೋ ಅಲ್ಲವೋ ಎಂಬ ನಿರ್ಣಯವನ್ನು ಕಾಲಕ್ಕೆ ಬಿಡಬಹುದು. ಅವರ ಎಲ್ಲ ಚಿತ್ರಗಳೂ ಉಳಿಯಲಾರವು. ಉಳಿಯತಕ್ಕವು ಕೆಲವಾದರೂ ಇವೆ. ಐವತ್ತೆರಡರ ವಯಸ್ಸಿನಲ್ಲಿ ಮತ್ತೆ ಆರಂಭಿಸಿದವರು ತಮ್ಮ ಊರಿನ ರಸ್ತೆಯನ್ನು ಇಷ್ಟು ಮಟ್ಟಿಗೆ ಕಾಣಿಸಿದರೆಂಬದೇ ಈ ಬಯಲಿನ ತರುಣ ಚಿತ್ರಕಾರರಿಗೆ ಸಾಕಷ್ಟು ಧೈರ್ಯವನ್ನು ಕೊಡಬೇಕು. ಅಂಥವರೊಬ್ಬರು ಇಲ್ಲಿ ಬದುವಿನ ಮೇಲೆ ನಿಂತು ಬರೆದ ದಿನ, ಅಣ್ಣಿಗೇರಿಯ ದಾರಿಯಲ್ಲಿ ಪ್ರವಾಸಿಕನು ಆ ಪ್ರಶ್ನೆಯನ್ನು ಕೇಳಲಿಕ್ಕಿಲ್ಲ. ಕೇಳಿದರೂ ಗಾಡಿಯನ್ನು ನಿಲ್ಲಿಸಿ ತೋರಿಸಲಿಕ್ಕೆ ನಾಡವರಿಗೆ ಬರುವದು.